ಡ್ರಿಲ್ ಮೇಷ್ಟ್ರ ಎಡಗೈ

ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಮೊದಲ ಸಲ ಹೆಂಡತಿಯನ್ನು ಕರೆದುಕೊಂಡು ಬೇಸಿಗೆ ರಜೆಯಲ್ಲಿ ಹೊರಗೆ ಹೊರಟ ಓಂಕಾರಮೂರ್ತಿಗೆ ಒಂದು ಷರತ್ತಿತ್ತು: ಹೋದ ಕಡೆ ಅವನು ಯಾವುದನ್ನೂ ಮುಟ್ಟಬಾರದು.

ಅವನು ಅಜ್ಜಂಪುರದಲ್ಲಿ ಡ್ರಿಲ್ ಮೇಷ್ಟ್ರು. ಅವನ ಕೈಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಎಲೆ ಹಾಕುವವನ ಕೈಯಿಂದ ಕಟ್ಟು ಕಿತ್ತುಕೊಂಡು ತಾನೇ ಪಂಕ್ತಿ ನೆಟ್ಟಗೆ ಮಾಡುತ್ತಿದ್ದ. ಸಾವಿನ ಮನೆಗೆ ಹೋದರೆ ಅಳುವವರನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದ. ಪಂಕಜಾಕ್ಷಿ ಅಕ್ಕಿ ತೊಳೆಯುತ್ತಿದ್ದರೆ ಹಿಂದಿನಿಂದ ಬಂದು, "ಹಂಗಲ್ಲ ಕಣೇ, ಹಿಂಗೆ" ಎಂದು ಪಾತ್ರೆ ಎಳೆದುಕೊಳ್ಳುತ್ತಿದ್ದ. ಒಮ್ಮೆ ಅವಳ ಜಡೆಗೆ ಅಡಿಪಟ್ಟಿ ಹಿಡಿದು ನೋಡಿ, ಅರ್ಧ ಇಂಚು ಎಡಕ್ಕೆ ಸರಿದಿದೆ ಎಂದಿದ್ದ. ಅದರಲ್ಲಿ ಕೋಪವಿರಲಿಲ್ಲ. ಲೋಕ ಸ್ವಲ್ಪ ಸೊಟ್ಟಗಿದೆ, ತನ್ನ ಕೈ ಅಲ್ಲೇ ಇದೆ, ಅಷ್ಟೆ.

ಎಪ್ಪತ್ತೊಂಬತ್ತನೇ ಇಸವಿಯ ಏಪ್ರಿಲ್‌ನಲ್ಲಿ ಪಂಕಜಾಕ್ಷಿಗೆ ಕಡೂರಿನ ಒಂದು ಶಿಶುವಿಹಾರದಲ್ಲಿ ಕೆಲಸ ಸಿಕ್ಕಿತು. ಜೂನ್ ಒಂದಕ್ಕೆ ಸೇರಬೇಕು. ರೊಟ್ಟಿ ತಟ್ಟುತ್ತಾ ಅವಳು ಹೇಳಿದಳು:

"ಕಡೂರಿಗೆ ದಿನಾ ರೈಲಲ್ಲಿ ಹೋಗಿ ಬರಬೋದು. ಇಲ್ಲಾಂದ್ರೆ ಅಲ್ಲೇ ಅಕ್ಕನ ಮನೇಲಿ ಇದ್ಕೊಂಡು ಶನಿವಾರ ಶನಿವಾರ ಬರಬೋದು."

"ದಿನಾ ಬಾ. ಅದ್ರಲ್ಲಿ ಯೋಚ್ನೆ ಮಾಡೋದೇನೈತೆ?"

"ಐತೆ." ಅವಳು ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿದಳು. ಅವನ ಕೈ ಅದನ್ನು ಸರಿಮಾಡಲು ಮುಂದೆ ಬಂತು. ಅವಳು ಹಿಟ್ಟಿನ ಕೈಯಲ್ಲೇ ಅದನ್ನು ಹಿಡಿದು ನಿಲ್ಲಿಸಿದಳು. "ಒಂದು ದಿನ. ಒಂದೇ ಒಂದು ದಿನ ನೀವು ಯಾವ್ದಕ್ಕೂ ಕೈ ಹಾಕ್ದೆ ಸುಮ್ನೆ ಕೂತಿದ್ದನ್ನ ನಾನು ನೋಡ್ಬೇಕು. ನೋಡಿದ್ರೆ ರೈಲು. ಇಲ್ದಿದ್ರೆ ಶನಿವಾರ."

ವಾರದಲ್ಲಿ ಆರು ದಿನ ಆ ಮನೆಯಲ್ಲಿ, ತಿದ್ದಲು ಯಾರೂ ಇಲ್ಲದೆ, ತನ್ನ ಎರಡು ಕೈಗಳ ಜೊತೆ ಒಬ್ಬನೇ ಇರುವುದನ್ನು ಓಂಕಾರಮೂರ್ತಿ ಊಹಿಸಿಕೊಂಡ. ಒಪ್ಪಿಕೊಂಡ.

ಜಾಗ ಆರಿಸಿದವಳು ಅವಳೇ. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಘಾಟಿ ಹತ್ತುವ ರಸ್ತೆಯಲ್ಲಿ ಒಂದು ಆರ್ಕಿಡ್ ನರ್ಸರಿ ಇದೆ, ಬರ್ಮಾ, ಮಲಯ, ಅಸ್ಸಾಮಿನ ಹೂಗಳೆಲ್ಲ ಅಲ್ಲಿ ಬೆಳೆಯುತ್ತವೆ ಎಂದು ವಾರಪತ್ರಿಕೆಯಲ್ಲಿ ಓದಿದ್ದಳು. ಹೂ ನೋಡಲು ಕೈ ಬೇಕಾಗುವುದಿಲ್ಲ ಎಂಬುದು ಅವಳ ಲೆಕ್ಕಾಚಾರ.

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅವನು ಮೂವತ್ತು ಜನರನ್ನು ಸಾಲಾಗಿ ನಿಲ್ಲಿಸಿದ. ಬಸ್ಸು ಬಂದಾಗ ಸಾಲು ಎಷ್ಟು ಚೆನ್ನಾಗಿತ್ತೆಂದರೆ, ಸಾಲಿನಲ್ಲಿ ನಿಲ್ಲದೆ ಬಂದವರೆಲ್ಲ ಹತ್ತಿ ಕೂತು, ಇವರಿಗೆ ನಿಲ್ಲಲು ಮಾತ್ರ ಜಾಗ ಉಳಿಯಿತು. ಪಂಕಜಾಕ್ಷಿ ಕಂಬಿ ಹಿಡಿದು ನಿಂತಳು. "ಬಸ್ ಸ್ಟ್ಯಾಂಡು ಲೆಕ್ಕಕ್ಕಿಲ್ಲ" ಎಂದಳು. "ನರ್ಸರಿ ಗೇಟಿಂದ ಲೆಕ್ಕ."

ನರ್ಸರಿಯ ಯಜಮಾನರು ಬೆನಕಪ್ಪ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಬಾಯಿಯ ಗಾಳಿ ತಾಕಿ ಗಿಡಗಳಿಗೆ ಶೀತವಾದೀತೆಂದು ಸದಾ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಗಿಡಗಳಿಗೆ ನೀರು, ನೆರಳು, ಬೈಗುಳ ಎಲ್ಲವೂ ಕೆಲಸದ ಭಾಗಮ್ಮನ ವಹಿವಾಟು. ಆಕೆ ಇಪ್ಪತ್ತು ವರ್ಷದಿಂದ ಅಲ್ಲಿದ್ದಳು. ಯಾವ ಗಿಡ ಯಾವತ್ತು ಹೂ ಬಿಡುತ್ತದೆಂದು ಬೆನಕಪ್ಪನವರು ಪುಸ್ತಕ ನೋಡಿ ಹೇಳುತ್ತಿದ್ದರು. ಭಾಗಮ್ಮ ಪುಸ್ತಕಕ್ಕಿಂತ ಒಂದು ವಾರ ಮೊದಲು ಹೇಳುತ್ತಿದ್ದಳು.

ಒಳಗೆ ಒದ್ದೆ ಗೋಣಿಯ ವಾಸನೆ. ತಂತಿಯಿಂದ ನೂರಾರು ಗಿಡಗಳು ನೇತಾಡುತ್ತಿದ್ದವು. ಬೇರುಗಳೆಲ್ಲ ಗಾಳಿಯಲ್ಲಿ, ಡ್ರಿಲ್ ಪೀರಿಯಡ್ಡಿಗೆ ಚಡ್ಡಿಯ ಲಾಡಿ ಬಿಟ್ಟುಕೊಂಡು ಬಂದ ಹುಡುಗರ ಹಾಗೆ.

"ಮಣ್ಣು ಎಲ್ಲಿ?" ಎಂದ ಓಂಕಾರಮೂರ್ತಿ.

"ಮಣ್ಣು ಬೇಕಿಲ್ಲ ಮೇಷ್ಟ್ರೇ" ಎಂದರು ಬೆನಕಪ್ಪ, ಪಿಸುದನಿಯಲ್ಲಿ.

"ಮತ್ತೆ ತಿನ್ನೋದೇನು?"

"ಗಾಳಿ. ಒಂಚೂರು ತೇವ. ಕಾಯೋದು."

ಕಾಯುವುದನ್ನು ತಿಂದು ಬದುಕುವ ಪ್ರಾಣಿ ಓಂಕಾರಮೂರ್ತಿಗೆ ಹಿಡಿಸಲಿಲ್ಲ. ಆದರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಳದಿ ಹೂ, ಚುಕ್ಕೆ ಹೂ, ಚಪ್ಪಲಿಯಂಥ ಹೂ ಎಲ್ಲವನ್ನೂ ನೋಡಿದ. ಅರ್ಧ ಗಂಟೆ ಹೀಗೇ ಹೋಯಿತು. ಪಂಕಜಾಕ್ಷಿಯ ಮುಖದಲ್ಲಿ ಅವನು ಬಹಳ ವರ್ಷದಿಂದ ಕಾಣದ ಒಂದು ಸಡಿಲಿಕೆ ಕಾಣಿಸಿತು. ಅವಳು ಗಾಜಿನ ಮನೆ ನೋಡಲು ಬೆನಕಪ್ಪನವರ ಜೊತೆ ಹೋಗುತ್ತಾ, ಮಾವಿನ ಮರದ ಕೆಳಗಿನ ಕಲ್ಲುಬೆಂಚು ತೋರಿಸಿ, "ಇಲ್ಲೇ ಕೂತಿರಿ. ಹೀಗೇ" ಎಂದಳು.

ಕೂತ. ತಲೆ ಎತ್ತಿದ. ಮಾವಿನ ಕೊಂಬೆಯ ಮೇಲೆ ಬದನಿಕೆ.

ಇದನ್ನು ಸ್ವಲ್ಪ ಹೇಳಬೇಕು. ಅವನು ಹುಟ್ಟಿದ್ದು ಸಖರಾಯಪಟ್ಟಣದಲ್ಲಿ, ತೋಟದವರ ಮನೆಯಲ್ಲಿ. ಮರದ ಮೇಲೆ ಬದನಿಕೆ ಹುಟ್ಟಿದರೆ ಮರದ ರಕ್ತ ಹೀರಿ ಒಣಗಿಸುತ್ತದೆ ಎಂಬುದು ಅಲ್ಲಿ ನಡೆಯಲು ಕಲಿಯುವ ಮೊದಲೇ ಕಲಿಯುವ ಪಾಠ. ದಾರಿಯಲ್ಲಿ ಹೋಗುವವನು ಯಾರದೋ ಮರದಲ್ಲಿ ಬದನಿಕೆ ಕಂಡರೆ, ಯಜಮಾನನನ್ನು ಕೇಳದೆ ಹತ್ತಿ ಕಿತ್ತುಹಾಕಿ ಮುಂದೆ ಹೋಗುತ್ತಾನೆ. ಯಜಮಾನನೂ ಕೇಳುವುದಿಲ್ಲ. ಬಿದ್ದ ಮಗುವನ್ನು ಎತ್ತಿ ನಿಲ್ಲಿಸಿದ ಹಾಗೆ ಅದು. ಕಂಡೂ ಕಾಣದವನಂತೆ ಹೋದವನನ್ನು ಮಾತ್ರ ಜನ ನೆನಪಿಟ್ಟುಕೊಳ್ಳುತ್ತಾರೆ.

ಓಂಕಾರಮೂರ್ತಿ ನೂರರವರೆಗೆ ಎಣಿಸಿದ. ಮತ್ತೆ ನೂರರಿಂದ ಹಿಂದಕ್ಕೆ ಎಣಿಸಿದ. ಬೇರುಗಳು ಬೆರಳುಗಳಂತೆ ಕೊಂಬೆಯನ್ನು ಅಪ್ಪಿದ್ದವು. ಪಾಪ, ಯಜಮಾನರು ನೋಡಿಲ್ಲ, ವಯಸ್ಸಾಗಿದೆ ಎಂದುಕೊಂಡ. ಒಂದು ನಿಮಿಷದ ಕೆಲಸ. ಅವಳು ಬರುವುದರೊಳಗೆ ಮತ್ತೆ ಕೂತಿರಬಹುದು. ಚಪ್ಪಲಿ ಬಿಟ್ಟ, ಪ್ಯಾಂಟು ಮಡಿಸಿದ, ಹತ್ತಿದ, ಒಂದೊಂದೇ ಬೇರನ್ನು ಉಗುರಿನಿಂದ ಬಿಡಿಸಿ ಗಿಡವನ್ನು ಪೂರ್ತಿಯಾಗಿ, ಎಲ್ಲೂ ಹರಿಯದಂತೆ ತೆಗೆದ. ಅವನು ಯಾವ ಕೆಲಸವನ್ನೂ ಅರೆಬರೆ ಮಾಡುವವನಲ್ಲ.

ಇಳಿದು, ಎಸೆಯಲೆಂದು ಎಡಗೈ ಬೀಸಿದ. ಗಿಡ ಹೋಗಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಅವನ ಕೈಯನ್ನು ಹಿಡಿದುಕೊಂಡಿತ್ತು.

"ಅಯ್ಯಯ್ಯೋ!" ನೀರಿನ ಕೊಡ ಹೊತ್ತು ಬಂದ ಭಾಗಮ್ಮ ಕೊಡ ಇಳಿಸಿದಳು. "ಏನ್ ಮಾಡ್ಬಿಟ್ರಿ ಸ್ವಾಮಿ! ಅದು ಬರ್ಮಾದ ಆರ್ಕಿಡ್ಡು ಕಣ್ರೀ!"

ಬೆನಕಪ್ಪನವರು ಓಡಿ ಬಂದರು. ಹಿಂದೆಯೇ ಪಂಕಜಾಕ್ಷಿ. ಬೆನಕಪ್ಪನವರು ಗಿಡ ನೋಡಿದರು, ಕೈ ನೋಡಿದರು, ಬೇರಿನ ತುದಿಗೆ ಕನ್ನಡಕ ಹಚ್ಚಿ ನೋಡಿದರು. ಬೈಯಲಿಲ್ಲ. ಅವರ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ, ಪರೀಕ್ಷೆಯಲ್ಲಿ ದಡ್ಡ ಹುಡುಗ ಬರೆದ ಸರಿ ಉತ್ತರ ಕಂಡ ಗಾಬರಿಯಿತ್ತು.

"ಒಂಬತ್ತು ವರ್ಷ" ಎಂದು ಪಿಸುಗುಟ್ಟಿದರು. "ಹಲಸಿಗೆ ಕಟ್ಟಿದೆ, ಬಿತ್ತು. ಹೊಂಗೆಗೆ ಕಟ್ಟಿದೆ, ಬಿತ್ತು. ಹನ್ನೊಂದು ಮರ ಬೇಡ ಅಂತು. ಈ ಮಾವನ್ನ ಹಿಡ್ಕೊಳ್ಳೋಕೆ ಎರಡು ವರ್ಷ ತಗೊಂಡಿತು. ನಿಮ್ಮನ್ನ ಎರಡು ನಿಮಿಷದಲ್ಲಿ ಹಿಡ್ಕೊಂಡ್ತಲ್ಲ ಮೇಷ್ಟ್ರೇ."

"ತೆಗೆದ್ಬಿಡಿ ಸಾರ್."

"ಇನ್ನೊಂದ್ಸಲ ಕಿತ್ರೆ ಸಾಯ್ತದೆ. ಈ ವರ್ಷ ಹೂ ಬಿಡೋದಿತ್ತು. ಹೂ ಬಿಡೋವರೆಗೆ ನೀವು ಇರಬೇಕಾಗ್ತದೆ. ಕೈ ಹೀಗೆ ಚಾಚ್ಕೊಂಡು. ಅಲ್ಲಾಡಿಸ್ದೆ. ಬಹಳ ಕಷ್ಟ, ಸಾಮಾನ್ಯದವರ ಕೈಲಿ ಆಗಲ್ಲ."

ಓಂಕಾರಮೂರ್ತಿಯ ಎದೆ ತನಗೆ ತಾನೇ ಮುಂದೆ ಬಂತು. "ನಾನು ಡ್ರಿಲ್ ಮೇಷ್ಟ್ರು ಸಾರ್" ಎಂದ.

ಆಮೇಲೆ ಹೆಂಡತಿಯ ಕಡೆ ತಿರುಗಿದ. ಪಂಕಜಾಕ್ಷಿ ಮಡಿಸಿದ ಪ್ಯಾಂಟು ನೋಡಿದಳು, ಬೆಂಚಿನ ಕೆಳಗಿನ ಚಪ್ಪಲಿ ನೋಡಿದಳು.

"ಶನಿವಾರ" ಎಂದಳು.

"ಪಂಕಜಾ, ಅದು ಬದನಿಕೆ ಅಂತ..."

"ಶನಿವಾರ ಅಂದ್ರೆ ಶನಿವಾರ."

ಆದರೆ ಅವಳು ಅವತ್ತಿನ ಬಸ್ಸಿಗೆ ಹೋಗಲಿಲ್ಲ. ರಜೆ ಅಂತ ಬಂದವಳು ರಜೆ ಮುಗಿಸಿಕೊಂಡೇ ಹೋಗುವುದು ಎಂದಳು. ಬೆನಕಪ್ಪನವರ ಹೆಂಡತಿ ಪ್ರೇಮಮ್ಮ ಹೊರಗಿನ ಕೋಣೆ ಬಿಟ್ಟುಕೊಟ್ಟರು. ಓಂಕಾರಮೂರ್ತಿಗೆ ನೆರಳಿನ ಚಪ್ಪರದ ಕೆಳಗೆ ಒಂದು ಆರಾಮಕುರ್ಚಿ ಹಾಕಿ, ಚಾಚಿದ ಕೈಗೆ ಆಸರೆಯಾಗಿ ಕವಲಿನ ಬಿದಿರು ನೆಟ್ಟರು. ಬಲಗೈ ಊಟಕ್ಕೆ ಮಾತ್ರ. ಜೋರು ಮಾತಿಲ್ಲ, ಏಕೆಂದರೆ ಎದೆ ನಡುಗಿದರೆ ಕೈ ನಡುಗುತ್ತದೆ. ಆಜ್ಞೆ ಮಾಡುವುದಂತೂ ಇಲ್ಲವೇ ಇಲ್ಲ. ಮಾವಿನ ಎಲೆಗಳ ಮರೆಯಲ್ಲಿ, ಅವನ ಕಣ್ಣಿಗೆ ಬೀಳದೆ ನೇತಾಡುತ್ತಿದ್ದ ತಗಡಿನ ಹಲಗೆಯನ್ನು, ಎರಡು ಸಾಲು ಲ್ಯಾಟಿನ್ ಹೆಸರಿದ್ದದ್ದು, ಬೆನಕಪ್ಪನವರು ತಂದು ಅವನ ಶರಟಿನ ಗುಂಡಿಗೆ ಕಟ್ಟಿದರು. ನರ್ಸರಿಯಲ್ಲಿ ಹಲಗೆ ಇಲ್ಲದೆ ಏನನ್ನೂ ಇಡುವುದಿಲ್ಲ ಎಂದರು.

ಭಾಗಮ್ಮ ಬೆಳಿಗ್ಗೆ, ಸಂಜೆ ಗಿಡಗಳಿಗೆ ನೀರು ಚಿಮುಕಿಸುತ್ತಾ ಬರುವಳು. ಅವನ ಮುಂದೆ ನಿಂತಾಗಲೂ ಕೈ ನಿಲ್ಲುತ್ತಿರಲಿಲ್ಲ.

"ನನ್ ಮುಖಕ್ಕೆ ಯಾಕಮ್ಮಾ?" ಎಂದ ಅವನು, ಮೊದಲ ದಿನ.

"ಬುಡಕ್ಕೆ ಹಾಕ್ಬೇಕಲ್ಲ ಮೇಷ್ಟ್ರೇ. ನಿಮ್ ಬುಡ ಯಾವ್ದು ಅಂತ ನಂಗೇನ್ ಗೊತ್ತು? ಎಲ್ಲಾ ಕಡೆ ಹಾಕ್ತೀನಿ."

ಮೊದಲ ಐದು ದಿನ ಅವನಿಗೆ ನರಕ. ಎದುರಿನ ಸಾಲಿನಲ್ಲಿ ಏಳನೆಯ ಕುಂಡ ಎರಡು ಬೆರಳಷ್ಟು ಮುಂದಕ್ಕಿತ್ತು. ಅವನು ಅದನ್ನು ನೋಡುತ್ತಾ ಬೆವರುತ್ತಿದ್ದ. ರೆಪ್ಪೆಯಿಂದ ಅದನ್ನು ಹಿಂದಕ್ಕೆ ತಳ್ಳಲು ಪ್ರಯತ್ನಿಸಿದ. ಆರನೆಯ ದಿನ ಇಡೀ ಸಾಲಿನಲ್ಲಿ ಒಂದು ಕುಂಡವೂ ನೆಟ್ಟಗಿಲ್ಲ ಎಂಬುದು ಅವನಿಗೆ ಹೊಳೆಯಿತು. ಹೊಳೆದ ಮೇಲೆ, ಎಲ್ಲವೂ ಸೊಟ್ಟಗಿದ್ದರೆ ಯಾವುದನ್ನು ಯಾವುದಕ್ಕೆ ಸರಿಯಾಗಿ ಇಡುವುದು ಎಂದು ತಿಳಿಯದೆ, ಅವನು ಮಧ್ಯಾಹ್ನದವರೆಗೆ ನಿದ್ದೆ ಹೋದ.

ಭಾನುವಾರ ಭದ್ರಾವತಿಯಿಂದ ಪಿಕ್‌ನಿಕ್ಕಿಗೆ ಬಂದವರು ಅವನ ಮುಂದೆ ನಿಂತು ಹಲಗೆ ಓದಿದರು.

"ಇದು ಯಾವ ದೇಶದ್ದಮ್ಮಾ?" ಎಂದು ಭಾಗಮ್ಮನನ್ನು ಕೇಳಿದರು.

"ಮೇಲಿಂದು ಬರ್ಮಾದ್ದು. ಕೆಳಗಿಂದು ಅಜ್ಜಂಪುರದ್ದು."

ಒಬ್ಬ ಹೆಂಗಸು ಕುಂಕುಮದ ಭರಣಿ ತೆಗೆದಳು. ಭಾಗಮ್ಮ ಅಡ್ಡ ಬಂದಳು. "ತಾಯೀ, ಇಲ್ಲಿ ದೇವ್ರು ಕೂತಿಲ್ಲ. ತಪ್ಪು ಮಾಡಿ ಕೂತವ್ರೆ. ಮುಂದಕ್ಕೆ ನಡೀರಿ." ಕೂಲಿಂಗ್ ಗ್ಲಾಸಿನ ಮನುಷ್ಯನೊಬ್ಬ ಗಿಡವನ್ನು ಕೈ ಸಮೇತ ಕೊಡುತ್ತೀರಾ ಎಂದು ವಿಚಾರಿಸಿದ. ಬೆನಕಪ್ಪನವರು ಒಂದು ಕ್ಷಣ ಯೋಚಿಸಿದ್ದನ್ನು ಓಂಕಾರಮೂರ್ತಿ ಗಮನಿಸಿದ.

ಪಂಕಜಾಕ್ಷಿ ಬೆಳಿಗ್ಗೆ ಗುಡ್ಡ ಸುತ್ತಿ ಬರುತ್ತಿದ್ದಳು. ಆಮೇಲೆ ಭಾಗಮ್ಮನ ಜೊತೆ ಕೂತು ತೆಂಗಿನ ಮಟ್ಟೆಯ ಮೇಲೆ ಗಿಡ ಇಟ್ಟು ಬಾಳೆನಾರಿನಿಂದ ಕಟ್ಟುವುದನ್ನು ಕಲಿಯುತ್ತಿದ್ದಳು. ಮಧ್ಯಾಹ್ನ ಗಂಡನ ಹತ್ತಿರ ಒಂದು ಮಣೆ ಹಾಕಿಕೊಂಡು ಕೂರುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಶುರುಮಾಡಿದಳು:

"ನಮ್ಮೂರು ಬುಕ್ಕಾಂಬುಧಿ ಕೆರೆ ಗೊತ್ತಲ್ಲ. ಹನ್ನೆರಡು ವರ್ಷದವಳಿದ್ದಾಗ ಒಬ್ಳೇ ಹರಿಗೋಲು ಹಾಕ್ಕೊಂಡು ಆ ದಡಕ್ಕೆ ಹೋಗಿದ್ದೆ."

ಹರಿಗೋಲನ್ನು ಎಲ್ಲಿ ಕೂತು ಹೇಗೆ ನಡೆಸಬೇಕೆಂಬುದು ಓಂಕಾರಮೂರ್ತಿಯ ನಾಲಿಗೆಯ ತುದಿಗೆ ಬಂತು. ಎಲೆಯೊಂದು ನಡುಗಿತು. ಬಾಯಿ ಮುಚ್ಚಿಕೊಂಡ.

"ನಡೂ ಕೆರೇಲಿ ಅದು ಗಿರ್ರಂತ ಸುತ್ತೋಕೆ ಶುರುವಾಯ್ತು. ಎಷ್ಟು ಹುಟ್ಟು ಹಾಕಿದ್ರೂ ಸುತ್ತೋದು. ಆಮೇಲೆ ಹುಟ್ಟು ಒಳಗಿಟ್ಟು ಸುಮ್ನೆ ಕೂತೆ. ಗಾಳೀನೇ ತಗೊಂಡೋಗಿ ಬಿಡ್ತು. ಅಪ್ಪ ಹೊಡೆದ್ರು. ಆದ್ರೆ ನಂಗೆ ಅಷ್ಟು ಸಂತೋಷ ಆಮೇಲೆ ಆಗಿಲ್ಲ." ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು, "ಇದನ್ನ ನಿಮಗೆ ನಾಲ್ಕು ಸಲ ಹೇಳೋಕೆ ಬಂದಿದೀನಿ. ನಾಲ್ಕು ಸಲಾನೂ ಹರಿಗೋಲು ಹತ್ತೋದ್ರೊಳಗೆ ನೀವು ಇಳಿಸ್ಬಿಟ್ರಿ."

ಅವನು ಅವಳನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಅವಳ ಮಾತು ಪೂರ್ತಿ ಮುಗಿದ ಮೇಲಿನ ಮುಖವನ್ನು ಅವನು ನೋಡಿರಲಿಲ್ಲ. ಮಾತು ಮುಗಿದ ಮೇಲೆ ಅವಳು ಕೆಳತುಟಿಯನ್ನು ಸ್ವಲ್ಪ ಒಳಕ್ಕೆ ಎಳೆದುಕೊಳ್ಳುತ್ತಿದ್ದಳು.

ಮಾರನೇ ದಿನ ಅವಳು ಅವನ ಸೀಟಿಯ ಬಗ್ಗೆ ಹೇಳಿದಳು, ಬೆಳಿಗ್ಗೆ ಐದೂವರೆಗೆ ಅಡುಗೆಮನೆಯ ಬಾಗಿಲಲ್ಲಿ ಊದುವ ಸೀಟಿಯ ಬಗ್ಗೆ. ಅದರ ಮಾರನೇ ದಿನ ಅವನ ತಾಯಿಯ ಬಗ್ಗೆ. ಗಿಡ ಒಂದೊಂದು ಬೇರನ್ನು ಇನ್ನಷ್ಟು ಬಿಗಿಮಾಡುತ್ತಾ ಹೋಯಿತು.

ಹನ್ನೆರಡನೆಯ ದಿನ ಎಲೆಯ ಸಂದಿಯಿಂದ ಹಸಿರು ಮೊನೆಯೊಂದು ಹೊರಬಂತು. ಭಾಗಮ್ಮ ಅದನ್ನು ಮೂಸಿ, "ಇನ್ನೊಂದು ವಾರ" ಎಂದಳು. ಬೆನಕಪ್ಪನವರು ಪುಸ್ತಕ ನೋಡಿ, "ಎರಡು" ಎಂದರು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಗೊಂಚಲಿನಲ್ಲಿ ಮೂರು ಹೂ ಬಿಟ್ಟಿತು, ನೀಲಿಯೂ ಅಲ್ಲದ ನೇರಳೆಯೂ ಅಲ್ಲದ ಬಣ್ಣ. ಬೆನಕಪ್ಪನವರು ಜೀವಮಾನದಲ್ಲಿ ಮೊದಲ ಸಲ ಕೂಗಿದರು. ಫೋಟೋ ತೆಗೆಸಿ ಲಂಡನ್ನಿಗೆ ಕಳಿಸಬೇಕೆಂದು, ಪಂಚೆ ಎತ್ತಿ ಕಟ್ಟಿಕೊಂಡು, ತರೀಕೆರೆಯಿಂದ ಫೋಟೋಗ್ರಾಫರನ್ನು ಕರೆತರಲು ಬೆಳಗಿನ ಬಸ್ಸಿಗೆ ಓಡಿದರು. "ನಾನು ಬರೋವರೆಗೆ ಉಸಿರು ಸಣ್ಣಕ್ಕೆ ಬಿಡಿ ಮೇಷ್ಟ್ರೇ!"

ಅವತ್ತು ಮೇ ಮೂವತ್ತೊಂದು. ಪಂಕಜಾಕ್ಷಿ ಟ್ರಂಕು ತುಂಬಿಕೊಂಡು ಬಂದು ಮಣೆಯ ಮೇಲೆ ಕೂತಳು. ಎರಡು ಗಂಟೆಯ ಬಸ್ಸು ಅವಳದು. ತರೀಕೆರೆಯಲ್ಲಿ ಇಳಿದರೆ ಕಡೂರಿಗೂ ಹೋಗಬಹುದು, ಅಜ್ಜಂಪುರಕ್ಕೂ ಹೋಗಬಹುದು. ಎಲ್ಲಿಗೆ ಎಂದು ಅವಳು ಹೇಳಲಿಲ್ಲ. ಅವನು ಕೇಳಲಿಲ್ಲ. ಕೇಳಿದರೆ ಹೂ ಅಲ್ಲಾಡುತ್ತದೆ ಎಂದಲ್ಲ.

ಒಂದೂವರೆಗೆ ಗಿಡ ಕೈ ಬಿಟ್ಟಿತು.

ಗಾಳಿ ಇರಲಿಲ್ಲ. ಅವನು ಅಲ್ಲಾಡಿಯೂ ಇರಲಿಲ್ಲ. ಒಂದೊಂದೇ ಬೇರು, ಬಸ್ಸಿನ ಕಂಬಿ ಹಿಡಿದವನು ತನ್ನ ಸ್ಟಾಪು ಬಂದಾಗ ಬೆರಳು ಸಡಿಲಿಸುವ ಹಾಗೆ, ಸಡಿಲಿಸಿಕೊಂಡು, ಹೂ ಗೊಂಚಲಿನ ಸಮೇತ ಮೆತ್ತಗೆ ಜಾರಿ, ಅವನ ಪಾದದ ಮುಂದೆ ನೆಲದ ಮೇಲೆ ಮಲಗಿತು. ಅವನ ಕೈಯ ಮೇಲೆ ಬಿಳಿ ಗೆರೆಗಳು ಉಳಿದವು.

"ಎತ್ರೀ ಮೇಷ್ಟ್ರೇ, ಎತ್ರೀ!" ಎಂದು ಭಾಗಮ್ಮ ದೂರದಿಂದ ಕೂಗಿದಳು. "ನೆಲ ಕಾದೈತೆ! ಸುಟ್ಟೋಯ್ತದೆ!"

ಓಂಕಾರಮೂರ್ತಿಯ ಕೈಗಳು ಎರಡೂ ಬಿಡುವಾಗಿದ್ದವು. ಎಡಗೈ ಇನ್ನೂ ಗಾಳಿಯಲ್ಲಿ ಚಾಚಿಕೊಂಡೇ ಇತ್ತು. ಬಗ್ಗಿದರೆ ಮುಗಿಯಿತು. ಎಲ್ಲಿ ಹಿಡಿದರೆ ಬೇರು ಮುರಿಯುವುದಿಲ್ಲ, ಯಾವ ಕೊಂಬೆ, ಯಾವ ಕೋನ, ಎಲ್ಲ ಅವನಿಗೆ ಗೊತ್ತಿತ್ತು. ಹತ್ತೊಂಬತ್ತು ದಿನ ಅದನ್ನೇ ನೋಡಿದ್ದಾನೆ. ಬೆನ್ನು ಆಗಲೇ ಬಗ್ಗಲು ಹೊರಟಿತ್ತು. ಆಗ ಪಕ್ಕದಲ್ಲಿ ಅವಳ ಉಸಿರು ನಿಂತದ್ದು ಅವನಿಗೆ ಕೇಳಿಸಿತು.

ಬೆನ್ನನ್ನು ನಿಲ್ಲಿಸಿದ. ಹೆಂಡತಿಯ ಕಡೆ ತಿರುಗಿದ.

"ಪಂಕಜಾ" ಎಂದ. "ಏನ್ ಮಾಡ್ಲಿ?"

ಪಂಕಜಾಕ್ಷಿ ಅವನನ್ನು ನೋಡಿದಳು. ನೆಲದ ಮೇಲೆ ಬರ್ಮಾದ ಹೂವು ಕಾಯುತ್ತಿತ್ತು. ಭಾಗಮ್ಮ ಓಡಿ ಬರುತ್ತಿದ್ದಳು.

"ನೀವು ಕೂತ್ಕಳಿ" ಎಂದಳು ಅವಳು.

ಬಗ್ಗಿ ಎರಡು ಕೈಯಲ್ಲೂ ಗಿಡವನ್ನು ಎತ್ತಿಕೊಂಡಳು. ಮಾವಿನ ಮರದ ಹತ್ತಿರ ಹೋಗಿ, ಕಲ್ಲುಬೆಂಚಿನ ಮೇಲೆ ಹತ್ತಿ, ತನ್ನ ಕೈಗೆ ಎಟುಕಿದ ಕೊಂಬೆಗೆ ಅದನ್ನು ಒರಗಿಸಿದಳು. ಅದು ಹಳೆಯ ಕೊಂಬೆಯಲ್ಲ, ಬೇರೆ. ಭಾಗಮ್ಮ ಬಾಳೆನಾರು ಕೊಟ್ಟಳು. ಪಂಕಜಾಕ್ಷಿ ಒಂದು ಸುತ್ತು ಸುತ್ತಿದಳು, ಎರಡು ಸುತ್ತಿದಳು, ಗಂಟು ಹಾಕಿದಳು.

ಗಂಟು ತಪ್ಪಾಗಿತ್ತು. ಬೆಂಚಿನಿಂದ ಹತ್ತು ಮಾರು ದೂರದಲ್ಲಿ ಕೂತಿದ್ದರೂ ಓಂಕಾರಮೂರ್ತಿಗೆ ಅದು ಕಾಣಿಸಿತು. ಎಡದ ಎಳೆ ಬಲದ ಮೇಲೆ ಹೋಗಬೇಕಿತ್ತು. ಅದೂ ಅಲ್ಲದೆ ಗಿಡ ಓರೆಯಾಗಿತ್ತು, ಹೂಗಳು ಬೆಟ್ಟದ ಕಡೆ ನೋಡುವುದನ್ನು ಬಿಟ್ಟು ಶೌಚಾಲಯದ ಕಡೆ ನೋಡುತ್ತಿದ್ದವು. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಗಟ್ಟಿಯಾಗಿ ಅದುಮಿದ.

"ಸರೀಗೈತಾ?" ಎಂದು ಅವಳು ಬೆಂಚಿನ ಮೇಲಿಂದಲೇ ಕೇಳಿದಳು.

ಅವನು ಬಹಳ ಹೊತ್ತು ಗಂಟನ್ನು ನೋಡಿದ.

"ನೀನು ಕಟ್ಟಿದೀಯ" ಎಂದ.

ಅವಳು ಕೆಳತುಟಿ ಒಳಕ್ಕೆ ಎಳೆದುಕೊಂಡಳು. ಬೆಂಚಿನಿಂದ ಇಳಿದು, ಸೆರಗಿಗೆ ಕೈ ಒರೆಸಿ, ಟ್ರಂಕು ಎತ್ತಿಕೊಂಡಳು. ಟ್ರಂಕು ಭಾರವಿತ್ತು. ಅವನು ಏಳಲಿಲ್ಲ.

"ಕಡೂರಿಂದ ಸಾಯಂಕಾಲದ ರೈಲು ಅಜ್ಜಂಪುರಕ್ಕೆ ಎಷ್ಟೊತ್ತಿಗೆ ಬತ್ತದೋ ವಿಚಾರಿಸ್ಬೇಕು" ಎಂದಳು. "ಸ್ಟೇಷನ್ನಿಗೆ ನೀವು ಬರೋದೇನೂ ಬೇಡ."

ಬಸ್ಸಿನ ಸದ್ದು ತಿರುವಿನಲ್ಲಿ ಕೇಳಿಸಿತು. ಗೇಟಿನವರೆಗೆ ಹೋದವಳು ಅಲ್ಲಿ ನಿಂತು ಟ್ರಂಕು ಕೆಳಗಿಟ್ಟಳು.

"ಏನ್ರೀ, ಆ ಹಲಗೆ ಬಿಚ್ಚಿಟ್ಟು ಬನ್ನಿ. ಬಸ್ಸಲ್ಲಿ ಎಲ್ಲಾರೂ ಓದ್ತಾರೆ."